ಅಜ್ಜಾರ ಬಾಗಿಲ ಪಟ್ಟಿ

ಹೊಳೆಯ ದಂಡೆಯ ಆ ಮಠಕ್ಕೆ ಇದ್ದದ್ದು ಒಂದೇ ಕಟ್ಟಳೆ. ಬಂದವರನ್ನು ಹಿಂದಕ್ಕೆ ಕಳಿಸಬಾರದು.

ಕಟ್ಟಳೆ ಮಾಡಿದವರು ಮಠದ ಗುರು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಅಜ್ಜಾರು. ಬೆಳಕು ಹರಿಯುವ ಮೊದಲೇ ಜನ ಬರುತ್ತಿದ್ದರು. ದೀಪ ಹಚ್ಚಿದ ಮೇಲೂ ಬರುತ್ತಿದ್ದರು. ಅಜ್ಜಾರ ಕೋಣೆಯ ಬಾಗಿಲು ಮುಚ್ಚಿದ್ದನ್ನು ಕಂಡವರಿರಲಿಲ್ಲ.

ಈ ಕಟ್ಟಳೆಯನ್ನು ಚಾಚೂ ತಪ್ಪದೆ ನಡೆಸಿದವನು ಅಡಿವೆಪ್ಪ. ಅವನು ಅಜ್ಜಾರ ಶಿಷ್ಯ, ಮಠದ ಜೀಪಿನ ಚಾಲಕ. ಜೀಪಿಗೆ ಕಾಯಿಲೆಯಾದರೆ ವೈದ್ಯನೂ ಅವನೇ.

ಮಠದ ಬೆನ್ನಿಗೆ ಘಟ್ಟ. ಘಟ್ಟದ ಮೇಲೆ ಪೇಟೆ, ಪೇಟೆಯಲ್ಲಿ ದೊಡ್ಡ ಆಸ್ಪತ್ರೆ. ಆ ದಾರಿಗೆ ಬಸ್ಸು ಬರುತ್ತಿರಲಿಲ್ಲ. ಘಟ್ಟದ ಬುಡದಲ್ಲಿ ಒಂದು ಕಟ್ಟೆ. ಕಟ್ಟೆಯ ಮೇಲೆ ಕೂತವರೆಲ್ಲ ಮಠದ ಜೀಪು ಹತ್ತುವವರೇ. ಅಡಿವೆಪ್ಪ ಒಬ್ಬರನ್ನೂ ಬಿಡುತ್ತಿರಲಿಲ್ಲ. ಒಳಗೆ ತುಂಬಿದರೆ ಹಿಂದಿನ ಮೆಟ್ಟಿಲು. ಮೆಟ್ಟಿಲೂ ತುಂಬಿದರೆ ತಲೆಯ ಮೇಲಿನ ಕಂಬಿ.

ಒಂದು ದಿನ ಜೀಪು ಘಟ್ಟದ ನಡುವೆ ಉಸಿರು ಬಿಟ್ಟಿತು.

ಅದರ ಎಂಜಿನ್ನಿಗೆ ಟರ್ಬೊ ಇತ್ತು. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುರುಕುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ನಡುವೆ ಅಲ್ಯೂಮಿನಿಯಂ ಜಾಲರಿಯ ಒಂದು ಪೆಟ್ಟಿಗೆ. ಅದೇ ಇಂಟರ್‌ಕೂಲರ್. ಅದರ ಎರಡು ತುದಿಗೂ ಪ್ಲಾಸ್ಟಿಕ್ಕಿನ ಟೋಪಿ. ಅಂದು ಒಂದು ಟೋಪಿ ಅಂಚಿನಿಂದ ಕಿತ್ತು ಬಂದಿತ್ತು. ಎಂಜಿನ್ನಿಗೆ ಹೋಗಬೇಕಾದ ಗಾಳಿಯೆಲ್ಲ ಹೊರಗೆ ಹೋಯಿತು. ಜೀಪು ಕರಿ ಹೊಗೆ ಕಾರುತ್ತಾ ನಿಂತಿತು.

ಅಂದು ಜೀಪಿನಲ್ಲಿ ಜ್ವರ ಬಂದ ಕೂಸೊಂದಿತ್ತು. ಅದರ ತಾಯಿ ಯಾರನ್ನೂ ಬೈಯಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಉಳಿದ ಏರನ್ನು ನಡೆದೇ ಹತ್ತಿದಳು.

ಕೂಸು ಉಳಿಯಿತು. ಆದರೆ ತಿರುವಿನಲ್ಲಿ ಮರೆಯಾದ ಆ ತಾಯಿಯ ಬೆನ್ನು ಅಡಿವೆಪ್ಪನ ಕಣ್ಣಿನಿಂದ ಮರೆಯಾಗಲಿಲ್ಲ.

ಮರುದಿನವೇ ಅವನು ಇಂಟರ್‌ಕೂಲರನ್ನು ಬಿಚ್ಚಿ ಮಠದ ಅಂಗಳದಲ್ಲಿ ಹರಡಿಕೊಂಡ. ಟೋಪಿಯನ್ನು ಮತ್ತೆ ಕೂರಿಸಿದ. ಅಲ್ಯೂಮಿನಿಯಂ ಅಂಚಿನ ಒಂದೊಂದೇ ಹಲ್ಲನ್ನು ಇಕ್ಕಳದಿಂದ ಮಡಿಚಿ ಕಚ್ಚಿಸಿದ. ಮುರಿದ ಕಬ್ಬಿಣದ ಮಂಚದಿಂದ ಪಟ್ಟಿಗಳನ್ನು ಕತ್ತರಿಸಿದ. ಎರಡೂ ಟೋಪಿಗಳ ಮೇಲೆ ಪಟ್ಟಿ ಇಟ್ಟು, ಈ ತುದಿಯಿಂದ ಆ ತುದಿಗೆ ಉದ್ದನೆಯ ಬೋಲ್ಟು ಹಾಯಿಸಿ, ಎರಡನ್ನೂ ಒಳಮುಖವಾಗಿ ಬಿಗಿಯುವುದು ಅವನ ಲೆಕ್ಕಾಚಾರ. ಕಬ್ಬಿಣ ನೇರವಾಗಿ ತಾಗಿದರೆ ಪ್ಲಾಸ್ಟಿಕ್ಕು ಬಿರುಕು ಬಿಡುತ್ತದೆ. ಅದಕ್ಕೆ ನಡುವೆ ಹಳೆಯ ಟ್ಯೂಬಿನ ರಬ್ಬರು ಕೊಟ್ಟ.

ಒಂದು ಪಟ್ಟಿ ಕಡಿಮೆ ಬಿತ್ತು. ಅಡಿವೆಪ್ಪ ಸುತ್ತ ನೋಡಿದ. ಎದ್ದು ಹೋಗಿ ಒಂದನ್ನು ತಂದ.

ಸಂಜೆ ಅಜ್ಜಾರು ಅಂಗಳಕ್ಕೆ ಬಂದರು.

"ಏನಪಾ ಇದು?"

"ಜೀಪಿನ ಇಂಟರ್‌ಕೂಲರ್ ರೀ, ಅಜ್ಜಾರ. ಎರಡೂ ಕಡೆ ಪಟ್ಟಿ ಕಟ್ಟೀನಿ. ಇನ್ನ ಟೋಪಿ ಹಾರೂದಿಲ್ಲ."

ಅಜ್ಜಾರು ಕುಕ್ಕುರುಗಾಲಲ್ಲಿ ಕೂತು ಪಟ್ಟಿಯ ಮೇಲೆ ಬೆರಳಾಡಿಸಿದರು.

"ಅಂಚು ಚೊಲೊ ಉಜ್ಜೀಯಲ್ಲ. ಬೆರಳಿಗೆ ಹತ್ತೂದ ಇಲ್ಲ."

"ಮುಟ್ಟಿದವರ ಕೈ ಕೊಯ್ಯಬಾರದಂತ ರೀ."

"ಈ ಒಂದು ಪಟ್ಟಿ ಎಲ್ಲೋ ನೋಡಿದಂಗ ಐತಿ."

ಅಡಿವೆಪ್ಪ ತಲೆ ತಗ್ಗಿಸಿದ. "ನಿಮ್ಮ ಬಾಗಿಲದ್ದು ರೀ. ಒಳಗಿಂದ ಅಡ್ಡ ಹಾಕೂದು. ತುಕ್ಕು ಹಿಡದಿತ್ತು. ನೀವು ಒಂದು ದಿನಾನೂ ಹಾಕಿಲ್ಲ."

ಅಜ್ಜಾರು ನಕ್ಕರು. "ಅಲ್ಲೊಂದು ಪಟ್ಟಿ ಇತ್ತು ಅನ್ನೂದ ಮರ್ತಿದ್ದೆ."

ಆಮೇಲೆ ಕೇಳಿದರು. "ಗಾಳಿ ಯಾಕ ಅಷ್ಟು ಒತ್ತಿತು?"

"ಭಾರ ರೀ. ಮಂದಿ ಹೆಚ್ಚು. ಎಳೀಬೇಕಲ್ಲ."

"ಮಂದಿ ಮೊದಲೂ ಇದ್ರು. ಟೋಪಿ ಮೊದಲೂ ಇತ್ತು."

ಇದಕ್ಕೆ ಉತ್ತರ ಅಡಿವೆಪ್ಪನಿಗೆ ಗೊತ್ತಿತ್ತು. ಅವನು ನಟ್ಟು ತಿರುಗಿಸುತ್ತಾ ಕೂತ.

ಅಷ್ಟರಲ್ಲಿ ಯಾರೋ ಅಜ್ಜಾರನ್ನು ಕಾಣಲು ಬಂದರು. ಅಜ್ಜಾರು ಮೊಣಕಾಲಿಗೆ ಕೈ ಊರಿ ಎದ್ದು ಒಳಗೆ ಹೋದರು.

ಮರುದಿನ ಜೀಪು ಕಟ್ಟೆಯ ಹತ್ತಿರ ನಿಂತಿತು. ಎಲ್ಲರಿಗಿಂತ ಮೊದಲು ಹತ್ತಿದವಳು ಫಕೀರವ್ವ. ಅವಳು ದಿನವೂ ಹತ್ತುವವಳು. ಮುಂದಿನ ಸೀಟು ಅವಳದೇ ಎಂದು ಯಾರೂ ಹೇಳಿರಲಿಲ್ಲ. ಯಾರೂ ಅಲ್ಲಿ ಕೂರುತ್ತಿರಲಿಲ್ಲ.

"ಜೀಪಿಗೆ ಡಾಬು ಕಟ್ಟೀಯಂತಲ್ಲೋ, ಅಡಿವೆಪ್ಪ?"

"ಡಾಬಲ್ಲಬೇ. ಪಟ್ಟಿ."

"ನಡಕ್ಕ ಕಟ್ಟಿದ ಮ್ಯಾಲ ಡಾಬ ಅದು. ನನ್ನ ಮದವ್ಯಾಗೂ ಯಾರೂ ಕಟ್ಟಲಿಲ್ಲ. ಜೀಪಿನ ನಸೀಬು ನೋಡು."

ಹಿಂದೆ ಕೂತವರು ನಕ್ಕರು. ಅಡಿವೆಪ್ಪನೂ ನಕ್ಕ. ಜೀಪು ಏರತೊಡಗಿತು. ಮೊದಲ ತಿರುವು, ಎರಡನೆಯದು. ಟೋಪಿ ಕದಲಲಿಲ್ಲ.

ದೊಡ್ಡ ತಿರುವಿನಲ್ಲಿ 'ಟಪ್' ಎಂದಿತು.

ಅಡಿವೆಪ್ಪ ಇಳಿದು ಬಾನೆಟ್ ಎತ್ತಿದ. ಟೋಪಿ ಭದ್ರವಾಗಿತ್ತು. ಅದರ ಬಾಯಿಗೆ ಕೂರಿಸಿದ್ದ ರಬ್ಬರ್ ಪೈಪು ಕಳಚಿ ಬಿದ್ದಿತ್ತು.

"ಡಾಬು ಗಟ್ಟಿ ಐತಿ," ಅಂದಳು ಫಕೀರವ್ವ. "ಸೀರಿ ಕಳಚೇತಿ."

ಅಡಿವೆಪ್ಪ ಪೈಪನ್ನು ಮತ್ತೆ ಕೂರಿಸಿ, ಇದ್ದ ಕ್ಲಿಪ್ಪಿನ ಪಕ್ಕ ಇನ್ನೊಂದು ಕ್ಲಿಪ್ಪು ಬಿಗಿದ. ಮುಂದಿನ ಸಲ ಪೈಪಿನ ಬಾಯಿ ಗಟ್ಟಿಯಾಗಿ ನಿಂತಿತು. ಅದರ ಹೊಟ್ಟೆ ಹರಿಯಿತು.

ಅಡಿವೆಪ್ಪ ಸೋತು ಅಜ್ಜಾರ ಎದುರು ಬಂದು ಕೂತ.

"ಅಜ್ಜಾರ, ಟೋಪಿ ಬಿಗದ್ರ ಪೈಪು ಬಿಡತೈತಿ. ಪೈಪಿನ ಬಾಯಿ ಬಿಗದ್ರ ಹೊಟ್ಟಿ ಹರೀತೈತಿ. ನಾ ಎಲ್ಲೀತನಕ ಬಿಗೀಲಿ?"

ಅಜ್ಜಾರು ಬಾಯ್ತುಂಬ ಗಾಳಿ ಎಳೆದುಕೊಂಡು ಎರಡೂ ಕೆನ್ನೆ ಉಬ್ಬಿಸಿದರು. ತಮ್ಮ ಕೆನ್ನೆಗೆ ಬೆರಳು ತೋರಿಸಿದರು.

"ಒತ್ತಲೇನ್ರಿ?"

ಅಜ್ಜಾರು ತಲೆ ಆಡಿಸಿದರು.

ಅಡಿವೆಪ್ಪ ಅಳುಕುತ್ತಲೇ ಎರಡು ಅಂಗೈಗಳಿಂದ ಗುರುವಿನ ಕೆನ್ನೆ ಒತ್ತಿದ. ಗಾಳಿ ತುಟಿ ಸಂದಿಯಿಂದ 'ಪುರ್ರ್' ಎಂದು ಹೊರಬಿತ್ತು. ಬಾಗಿಲಲ್ಲಿ ಕಾದಿದ್ದ ಜನ ಮುಖ ಮುಖ ನೋಡಿಕೊಂಡರು.

ಅಜ್ಜಾರು ಮತ್ತೆ ಕೆನ್ನೆ ಉಬ್ಬಿಸಿದರು. ಈ ಸಲ ತುಟಿ ತೋರಿಸಿದರು.

ಅಡಿವೆಪ್ಪ ಹೆಬ್ಬೆರಳುಗಳಿಂದ ಕೆನ್ನೆ ಒತ್ತಿ, ಉಳಿದ ಬೆರಳುಗಳಿಂದ ತುಟಿ ಮುಚ್ಚಿ ಹಿಡಿದ. ಗಾಳಿ ಮೂಗಿನಿಂದ ಹೋಯಿತು.

ಮೂರನೆಯ ಸಲ ಅಜ್ಜಾರು ಮೂಗು ತೋರಿಸಿದರು.

ಅಡಿವೆಪ್ಪ ಕೈ ಹಿಂದಕ್ಕೆ ಎಳೆದುಕೊಂಡ. "ಮೂಗು ಹಿಡದ್ರ ಜೀವಾ ಹೋಗತೈತ್ರಿ."

ಅಜ್ಜಾರು ಉಸಿರು ಬಿಟ್ಟರು. ಕೆಮ್ಮು ಬಂತು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಹಣೆಯ ಮೇಲೆ ಬೆವರೊಡೆದಿತ್ತು. ಅವರ ಅಂಗೈ ಎದೆಯ ಎಡಕ್ಕೆ ಹೋಗಿ ಅಲ್ಲೇ ನಿಂತಿದ್ದನ್ನು ಅಡಿವೆಪ್ಪ ಕಂಡ.

"ಏನಾತ್ರಿ?"

"ಏನಿಲ್ಲ. ಉಸಿರು ಹಿಡದಿದ್ನೆಲ್ಲ." ಅಜ್ಜಾರು ಶಾಲಿನ ತುದಿಯಿಂದ ಹಣೆ ಒರೆಸಿಕೊಂಡರು. "ಹೇಳು. ನಿನ್ನ ಜೀಪಿಗೆ ಮೂಗು ಎಲ್ಲೈತಿ?"

ಅಡಿವೆಪ್ಪ ಅಂಗಳದ ಕಡೆ ತಿರುಗಿ ಜೀಪನ್ನು ನೋಡಿದ. ಆಮೇಲೆ ಹೇಳಿದ.

"ಐತ್ರಿ. ಟರ್ಬೊದಾಗ ಒಂದು ಸಣ್ಣ ಬಾಗಿಲ ಐತಿ. ಒತ್ತಡ ಮಿತಿ ಮೀರಿದ್ರ ತಾನ ತೆರಕೊಂತೈತಿ. ಟರ್ಬೊದ ಜೋರು ಅಲ್ಲಿಗೇ ಇಳೀತೈತಿ."

"ಮತ್ತ ಅದು ತೆರೀಲಿಲ್ಲೇನು?"

"ನಾನ ತಂತಿ ಹಾಕಿ ಕಟ್ಟೀನ್ರಿ."

"ಯಾಕಪಾ?"

"ಅದು ತೆರದ್ರ ಜೀಪು ಅಷ್ಟು ಮಂದೀನ ಎಳಿಯೂದಿಲ್ರಿ. ಯಾರನ್ನರ ಬಿಡಬೇಕಾಗತೈತಿ." ಅಡಿವೆಪ್ಪನ ದನಿ ಇಳಿಯಿತು. "ಬಂದವರನ್ನ ಹಿಂದಕ್ಕ ಕಳಸಬಾರದಂತ ನೀವ ಹೇಳೀರಲ್ರಿ."

ಅಜ್ಜಾರು ಬಾಯಿ ತೆರೆದರು. ಹಾಗೆಯೇ ಮುಚ್ಚಿದರು.

ಬಾಗಿಲಲ್ಲಿ ಯಾರೋ ಕೆಮ್ಮಿದರು. "ಬರಬೌದೇನ್ರಿ, ಅಜ್ಜಾರ? ಬೆಳಿಗ್ಗಿಂದ ಕುಂತೀವಿ."

"ಬರ್ರಿ, ಬರ್ರಿ," ಅಂದರು ಅಜ್ಜಾರು. ಅಂಗೈ ಇನ್ನೂ ಎದೆಯ ಮೇಲೇ ಇತ್ತು.

ಗುರು ಬಿಚ್ಚೆಂದು ಹೇಳಲಿಲ್ಲ. ಅಡಿವೆಪ್ಪ ತಂತಿಯನ್ನು ಬಿಚ್ಚಲಿಲ್ಲ. ಹೊಸ ಪೈಪು ತಂದು, ಅದರ ಹೊಟ್ಟೆಗೂ ಬಟ್ಟೆ ಸುತ್ತಿ ಬಿಗಿದ.

ಆ ವಾರವೇ ಒಂದು ಬೆಳಿಗ್ಗೆ ಅಡುಗೆಯ ನೀಲವ್ವ ಅಂಗಳಕ್ಕೆ ಓಡಿ ಬಂದಳು.

"ಅಡಿವೆಪ್ಪಾ, ಲಗೂನ ಬಾ. ಅಜ್ಜಾರು ಗ್ವಾಡಿಗೆ ಒರಗ್ಯಾರ. ಮಾತಿಗೆ ಮಾತು ಇಲ್ಲ."

ಕೋಣೆಯ ತುಂಬ ಜನ. ಅವರ ನಡುವೆ ಅಜ್ಜಾರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಡಗೈಯನ್ನು ಬಲಗೈ ಹಿಡಿದಿತ್ತು.

"ದಾರಿ ಬಿಡ್ರಿ," ಅಂದ ಅಡಿವೆಪ್ಪ. ಅಜ್ಜಾರನ್ನು ಕೂಸಿನಂತೆ ಎತ್ತಿಕೊಂಡ. ಅವರು ಇಷ್ಟು ಹಗುರ ಎಂದು ಅವನಿಗೆ ಗೊತ್ತಿರಲಿಲ್ಲ.

ಜೀಪಿನ ಹಿಂದಿನ ಸೀಟಿನಲ್ಲಿ ನೀಲವ್ವ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಘಟ್ಟದ ಬುಡದಲ್ಲಿ ಕಟ್ಟೆ ತುಂಬಿತ್ತು. ಜೀಪು ಕಂಡದ್ದೇ ಜನ ಎದ್ದು ಗಂಟುಮೂಟೆ ಎತ್ತಿಕೊಂಡರು.

ಅಡಿವೆಪ್ಪ ಬ್ರೇಕು ಹಾಕಿದ. ಮುಂದೆ ಏರು. ಅವನ ಕಣ್ಣ ಮುಂದೆ ಆ ತಾಯಿಯ ಬೆನ್ನು ಬಂತು. ಇವತ್ತು ದೊಡ್ಡ ತಿರುವಿನಲ್ಲಿ ಪೈಪು ಬಿಟ್ಟರೆ ಇಳಿದು ನಡೆಯುವವರು ಯಾರು?

ಅವನು ಇಕ್ಕಳ ಹಿಡಿದು ಕೆಳಗಿಳಿದ. ಬಾನೆಟ್ ಎತ್ತಿದ. ಟರ್ಬೊದ ಪಕ್ಕ ಕೈ ತೂರಿಸಿ ತಂತಿಯನ್ನು ಕತ್ತರಿಸಿದ. ಸಣ್ಣ ಬಾಗಿಲಿನ ಸಲಾಕೆಯನ್ನು ಬೆರಳಿನಿಂದ ಎಳೆದು ನೋಡಿದ. ಅದು ಹೋಯಿತು, ಬಂತು.

ಇನ್ನು ಜೀಪು ಅಷ್ಟು ಭಾರ ಎಳೆಯುವುದಿಲ್ಲ. ಹೇಳಲೇಬೇಕು.

ಅವನು ಕಟ್ಟೆಯ ಮುಂದೆ ಕೈಮುಗಿದು ನಿಂತ. ಇಷ್ಟು ವರ್ಷ ಆಡದ ಮಾತು.

"ಇವತ್ತ... ಇವತ್ತ ಆಗೂದಿಲ್ರಿ. ಯಾರನ್ನೂ ಕರಕೊಂಡು ಹೋಗಾಕ ಆಗೂದಿಲ್ಲ."

ಫಕೀರವ್ವ ಮುಂದೆ ಬಂದು ಜೀಪಿನೊಳಗೆ ಇಣುಕಿದಳು. ಅಜ್ಜಾರ ಮುಖ ನೋಡಿದಳು. ತನ್ನ ಗಂಟನ್ನು ಕಟ್ಟೆಯ ಮೇಲೆ ವಾಪಸು ಇಟ್ಟಳು.

"ಹೋಗಪಾ. ನಾವೇನು ಓಡಿ ಹೋಗತೀವೇನು?"

"ನಿಮ್ಮ ಕೆಲಸ..."

"ನಂದೇನು ಕೆಲಸ, ಮಣ್ಣು. ಮ್ಯಾಲ ಗಾಳಿ ಚೊಲೊ ಇರತೈತಿ ಅಂತ ಬರ್ತಿದ್ದೆ. ನೀ ಒಂದು ದಿನಾನೂ ಒಲ್ಲೆ ಅನ್ನಲಿಲ್ಲ. ಅದಕ್ಕ ಹತ್ತತಿದ್ದೆ."

ಅಡಿವೆಪ್ಪ ಅವಳನ್ನೇ ನೋಡಿದ.

"ನನ್ನ ಚೀಲಾನೂ ನಾಳೆ ಹೋದ್ರ ನಡೀತೈತಿ," ಅಂದ ಹಿಂದೆ ನಿಂತಿದ್ದವನೊಬ್ಬ.

"ನಿಂತು ನೋಡ್ತೀ ಏನು?" ಫಕೀರವ್ವ ಗದರಿದಳು. "ನಡಿ."

ಜೀಪು ಏರಿತು.

ಟರ್ಬೊದ ಕೂಗು ಮೇಲೆದ್ದಿತು. ಮೊದಲಾದರೆ ಅದು ಏರುತ್ತಲೇ ಹೋಗಿ ಕಿವಿ ಕೊರೆಯುತ್ತಿತ್ತು. ಇವತ್ತು ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಂತಿತು. ಹೊಳೆಯ ಸದ್ದಿನ ಹಾಗೆ, ಹೆಚ್ಚದೆ, ತಗ್ಗದೆ.

ಹಿಂದಿನಿಂದ ಸಣ್ಣ ದನಿ ಬಂತು. "ಸದ್ದು ಬ್ಯಾರೆ ಐತಿ."

"ಅಜ್ಜಾರು ಕಣ್ಣು ಬಿಟ್ರು," ಅಂದಳು ನೀಲವ್ವ.

"ತಂತಿ ಕತ್ತರಿಸೀನ್ರಿ, ಅಜ್ಜಾರ."

"ಏರತೈತೇನು?"

"ಏರತೈತ್ರಿ. ಸಾವಕಾಶ."

"ಬಾಗಿಲ ತೆರದಿತೇನು?"

"ತೆರದೈತ್ರಿ. ನೀವು ಮಾತಾಡಬ್ಯಾಡ್ರಿ."

"ನೀನ ಮಾತಾಡಸಾಕತ್ತೀ," ಅಂದು ಅಜ್ಜಾರು ಕಣ್ಣು ಮುಚ್ಚಿದರು.

ದೊಡ್ಡ ತಿರುವು ಬಂತು. ಅಡಿವೆಪ್ಪ ಉಸಿರು ಬಿಗಿಹಿಡಿದ. ತಿರುವು ಹಿಂದೆ ಹೋಯಿತು. ಇನ್ನೂ ಉಸಿರು ಹಿಡಿದೇ ಇದ್ದೇನೆಂದು ಅವನಿಗೆ ಆಮೇಲೆ ತಿಳಿಯಿತು. ಬಿಟ್ಟ.

ಆಸ್ಪತ್ರೆಯವರು ಅಜ್ಜಾರನ್ನು ಗಾಲಿ ಮಂಚದ ಮೇಲೆ ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ನೀಲವ್ವ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಮಡಿಚುತ್ತಾ ಬಿಡಿಸುತ್ತಾ ಇದ್ದಳು. ಅಡಿವೆಪ್ಪ ನಿಂತೇ ಇದ್ದ.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದರು.

"ಸರಿಯಾದ ಹೊತ್ತಿಗೆ ಬಂದಿರಿ. ಇನ್ನು ಭಯವಿಲ್ಲ."

"ಏನು ಮಾಡಿದ್ರಿ, ಸಾಹೇಬ್ರ?"

"ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಬಿಡಿಸಿ, ಒಳಗೆ ಲೋಹದ ಸಣ್ಣ ಜಾಲರಿ ಕೂರಿಸಿದ್ದೇವೆ. ಮತ್ತೆ ಕುಗ್ಗದಂತೆ ಹಿಡಿದಿರುತ್ತದೆ." ಡಾಕ್ಟರು ಹೊರಡುವ ಮುನ್ನ ತಿರುಗಿದರು. "ಆದರೆ ಜಾಲರಿ ಇದೆಯೆಂದು ಮೊದಲಿನ ಹಾಗೇ ಇರುವಂತಿಲ್ಲ. ಅವರಿಗೆ ವಿಶ್ರಾಂತಿ ಬೇಕು. ದಿನವೂ."

ಅಡಿವೆಪ್ಪ ಹೊರಗೆ ಜೀಪಿನ ಹತ್ತಿರ ಬಂದ. ಬಾನೆಟ್ ಎತ್ತಿದ. ಟೋಪಿಗಳು ಇದ್ದಲ್ಲೇ ಇದ್ದವು. ಪೈಪಿನ ಮೇಲೆ ಒಂದು ಬೆವರ ಹನಿಯಷ್ಟು ಎಣ್ಣೆಯೂ ಒಸರಿರಲಿಲ್ಲ. ಅಜ್ಜಾರ ಬಾಗಿಲ ಪಟ್ಟಿಯ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು, ಅಷ್ಟೇ.

ಮುಂದಿನ ಚಕ್ರಕ್ಕೆ ಒರಗಿ ನೆಲದ ಮೇಲೇ ಕೂತುಬಿಟ್ಟ. ಆಸ್ಪತ್ರೆಯ ಎದುರಿನ ಚಹಾದವನು ಕೇಳದೆಯೇ ಒಂದು ಲೋಟ ಚಹಾ ಕೈಗಿಟ್ಟು ಹೋದ. ಅಷ್ಟು ರುಚಿಯ ಚಹಾ ಅವನು ಕುಡಿದದ್ದಿಲ್ಲ.

ಮರುದಿನ ಒಳಗೆ ಬಿಟ್ಟರು. ಅಜ್ಜಾರ ಮುಖಕ್ಕೆ ಬಣ್ಣ ಮರಳಿತ್ತು.

"ನನಗೂ ಒಂದು ಪಟ್ಟಿ ಹಾಕ್ಯಾರಂತ, ಅಡಿವೆಪ್ಪ."

"ಹೌದ್ರಿ."

"ಅಂಚು ಉಜ್ಜ್ಯಾರೋ ಇಲ್ಲೋ."

ಅಡಿವೆಪ್ಪನಿಗೆ ನಗು ಬಂತು. ನಗುವಿನ ಜೊತೆ ಕಣ್ಣೀರೂ ಬಂತು. ಎರಡನ್ನೂ ತೋಳಿನಿಂದ ಒರೆಸಿಕೊಂಡ.

"ಒಂದು ಕೇಳಲೇನ್ರಿ, ಅಜ್ಜಾರ?"

"ಕೇಳು."

"ನನ್ನ ಜೀಪಿನ ಸಣ್ಣ ಬಾಗಿಲಕ್ಕ ತಂತಿ ಕಟ್ಟಿದವ ನಾನು." ಅವನು ನೆಲ ನೋಡುತ್ತಾ ಹೇಳಿದ. "ನಿಮ್ಮದಕ್ಕ ಕಟ್ಟಿದವರು ಯಾರ್ರಿ?"

ಅಜ್ಜಾರು ಕಿಟಕಿಯ ಕಡೆ ತಿರುಗಿದರು. ಹೊರಗೆ ಬೇವಿನ ಮರ ಅಲುಗುತ್ತಿತ್ತು.

"ನಿದ್ದಿ ಬರಾಕತ್ತೈತಿ," ಅಂದರು.

ಮಾತು ಹೆಚ್ಚಾಯಿತೇನೋ ಎಂದು ಅಡಿವೆಪ್ಪ ಮೆಲ್ಲಗೆ ಎದ್ದು ಬಂದ.

ಅಜ್ಜಾರು ಮಠಕ್ಕೆ ಮರಳಿದ ದಿನ ಅಂಗಳದಲ್ಲಿ ಜೀಪಿನ ಮುಂದೆ ನಿಂತರು.

"ಪಟ್ಟಿ ಬಿಚ್ಚಿ ಬಿಡ್ಲೇನ್ರಿ?" ಕೇಳಿದ ಅಡಿವೆಪ್ಪ. "ತಂತಿ ಇಲ್ಲ. ಇನ್ನ ಅದರ ಜರೂರಿಲ್ಲ."

"ಯಾಕ ಬಿಚ್ಚತೀ? ಚೊಲೊ ಕೆಲಸ. ಇರಲಿ."

"ನಿಮ್ಮ ಬಾಗಿಲದ್ದೂ ಅದರಾಗ ಐತ್ರಿ."

"ಇರಲಿ ಅಂದ್ನೆಲ್ಲ." ಅಜ್ಜಾರು ಎರಡು ಹೆಜ್ಜೆ ಹೋಗಿ ನಿಂತರು. "ನನಗ ಒಂದು ಬ್ಯಾರೆ ಮಾಡಿಕೊಡು."

ಅಡಿವೆಪ್ಪ ಪೇಟೆಯಿಂದ ಕಬ್ಬಿಣ ತಂದು ಪಟ್ಟಿ ಕತ್ತರಿಸಿದ. ಅಂಚು ಉಜ್ಜಿದ. ಬಾಗಿಲಿನ ಕೊಂಡಿಗಳ ತುಕ್ಕು ತೆಗೆದು ಎಣ್ಣೆ ಬಿಟ್ಟ.

ಜೀಪು ಮತ್ತೆ ಘಟ್ಟ ಹತ್ತತೊಡಗಿತು. ಸೀಟಿದ್ದಷ್ಟೇ ಜನ. ಕಾಯಿಲೆಯವರು ಮೊದಲು. ಉಳಿದವರಿಗೆ ಅಡಿವೆಪ್ಪ ಕೈಮುಗಿದು ಹೇಳುತ್ತಿದ್ದ. ಯಾರೂ ಮುನಿಯಲಿಲ್ಲ. ಫಕೀರವ್ವ ಕಟ್ಟೆಯ ಮೇಲೇ ಕೂತು, ಇಲ್ಲಿಯ ಗಾಳಿಯೂ ಅಡ್ಡಿಯಿಲ್ಲ ಎಂದು ಸಾರತೊಡಗಿದಳು.

ಆದರೂ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಒಂದು ಮಧ್ಯಾಹ್ನ ಜೀಪು ನಿಲ್ಲಿಸಿ, ಕೈಕಾಲು ತೊಳೆದು, ಅಜ್ಜಾರ ಕೋಣೆಗೆ ನಡೆದ.

ಬಾಗಿಲು ಮುಚ್ಚಿತ್ತು.

ಅಡಿವೆಪ್ಪ ತಳ್ಳಿದ. ಒಳಗೆ ಹೊಸ ಪಟ್ಟಿ ಕೊಂಡಿಯಲ್ಲಿ ಕದಲಿ ಸದ್ದು ಮಾಡಿತು.

"ಯಾರು?"

"ನಾನ್ರಿ, ಅಡಿವೆಪ್ಪ. ಒಂದು ಕೇಳೂದಿತ್ರಿ."

"ಏನದು?"

"ಇವತ್ತೂ ಮಂದೀನ ಕಟ್ಟಿ ಮ್ಯಾಲ ಬಿಟ್ಟು ಬಂದೀನ್ರಿ. ಬಂದವರನ್ನ ಹಿಂದಕ್ಕ ಕಳಸಬಾರದಂತ ಮಠದ ಕಟ್ಟಳೆ. ನಾ ಮಾಡಾಕತ್ತಿದ್ದು ತಪ್ಪೇನ್ರಿ, ಅಜ್ಜಾರ?"

ಒಳಗೆ ಮಂಚ ಕಿರುಗುಟ್ಟಿತು. ಯಾರೋ ಮಗ್ಗುಲು ಬದಲಿಸಿದ ಸದ್ದು.

"ಈಗ ಹೋಗು," ಅಂದರು ಅಜ್ಜಾರು. "ಸಂಜಿಗೆ ಬಾ."